ಒಳಕ್ಕೆ ತಿರುಗಿ ಕೂತ ಎರಡು ಸೀಲು

ಧಕ್ಕೆಯ ಕೊನೆಯಲ್ಲಿ, ದೋಣಿಗಳನ್ನು ಕಟ್ಟುವ ಜಾಗಕ್ಕೆ ಹತ್ತಿಕೊಂಡೇ ತಗಡಿನ ಶೆಡ್ ಹಾಕಿಕೊಂಡಿದ್ದ ಮೆಕ್ಯಾನಿಕ್‌ಗೆ ಜನ ಇಟ್ಟ ಹೆಸರು ಖಂಡಿತಪ್ಪ. ಇಂಜಿನ್ನಿಗೆ ಏನಾಗಿದೆ ಅಂತ ಯಾರು ಕೇಳಿದರೂ ಅವನ ಬಾಯಿಂದ ಮೊದಲು ಬರುತ್ತಿದ್ದದ್ದು ಅದೇ. "ಖಂಡಿತ ಪ್ಲಗ್ಗು." "ಖಂಡಿತ ಪೆಟ್ರೋಲಲ್ಲಿ ಕಸ." ಹತ್ತಕ್ಕೆ ಒಂಬತ್ತು ಸಲ ಅವನು ಹೇಳಿದ್ದೇ ಸರಿಯಾಗಿರುತ್ತಿತ್ತು. ಇಪ್ಪತ್ತಾರು ವರ್ಷ ಹೀಗೆ ಸರಿಯಾಗಿಯೇ ಇದ್ದವನಿಗೆ ಹತ್ತನೆಯದರ ನೆನಪು ಉಳಿಯುವುದಿಲ್ಲ.

ಅವನ ಅಕ್ಕನ ಗಂಡ ಹೊಳೆ ದಾಟಿಸುವ ದೋಣಿ ನಡೆಸುತ್ತಿದ್ದರು. ಅರವತ್ತು ದಾಟಿದ, ಮಾತು ಕಮ್ಮಿಯ ಮನುಷ್ಯ. ಅಪ್ಪ ತೀರಿಕೊಂಡಾಗ ಇವನನ್ನು ಮನೆಯಲ್ಲಿಟ್ಟುಕೊಂಡು ಇಂಜಿನ್ ಕೆಲಸಕ್ಕೆ ಹಚ್ಚಿದವರು ಈ ಭಾವನೇ. ಬೆಳಿಗ್ಗೆ ಆಚೆ ದಡದ ಶಾಲೆಯ ಟೀಚರುಗಳು, ಆಸ್ಪತ್ರೆಯ ನರ್ಸುಗಳು ಅವರ ದೋಣಿಗೇ ಕಾಯುತ್ತಿದ್ದರು.

ದೋಣಿಯ ಹಿಂದೆ ಸಿಕ್ಕಿಸುವ ಇಂಜಿನ್ನಿನ ಕೆಳತುದಿ ಸದಾ ನೀರೊಳಗಿರುತ್ತದೆ. ಅಲ್ಲಿರುವ ಪುಟ್ಟ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿಗೆ ನೀರು ತಳ್ಳುವ ಫ್ಯಾನು ಕೂತಿರುತ್ತದೆ. ಆ ವರ್ಷ ಬೇಸಿಗೆಯ ಮೊದಲಲ್ಲಿ ಭಾವನ ಇಂಜಿನ್ನಿನ ಶಾಫ್ಟಿಗೆ ನೀರು ತಡೆಯುವ ಹೊಸ ರಬ್ಬರ್ ಸೀಲು ಹಾಕಿಕೊಟ್ಟವನು ಇವನೇ. ತಿಂಗಳು ಕಳೆದು ಎಣ್ಣೆ ಬದಲಾಯಿಸಲು ಕೆಳಗಿನ ಸ್ಕ್ರೂ ಬಿಚ್ಚಿದರೆ, ಬಂದದ್ದು ಬೆಳ್ಳಗೆ, ಹಾಲು ಬೆರೆಸಿದ ಹಾಗೆ. ಒಳಗೆ ನೀರು ಹೋಗಿದೆ ಅಂತಲೇ ಅರ್ಥ.

ಅವನು ಗೇರ್‌ಬಾಕ್ಸಿಗೆ ಪಂಪಿನಿಂದ ಗಾಳಿ ತುಂಬಿ ತೊಟ್ಟಿಯಲ್ಲಿ ಮುಳುಗಿಸಿದ. ಒಂದು ಗುಳ್ಳೆಯೂ ಏಳಲಿಲ್ಲ. ಅಂದಮೇಲೆ ಸೀಲು ಸರಿಯಿದೆ, ತನ್ನ ಕೆಲಸ ಸರಿಯಿದೆ. ಫ್ಯಾನಿನ ಒಂದು ಎಸಳಿನ ಅಂಚು ಉಗುರಿನಷ್ಟು ಮುಕ್ಕಾಗಿದ್ದದ್ದು ಕಣ್ಣಿಗೆ ಬಿತ್ತು. ಹೊರಗೆ ಹದಿನೈದಿಪ್ಪತ್ತು ಜನ ದೋಣಿಗೆ ಕಾಯುತ್ತಿದ್ದರು.

"ಖಂಡಿತ ಕಲ್ಲಿಗೆ ಹೊಡೆದಿದ್ದೀರಿ ಭಾವ."

"ಇಲ್ಲಪ್ಪ. ಎಲ್ಲೂ ತಾಗಿಲ್ಲ."

"ತಾಗಿದ್ದು ನಿಮಗೆ ಗೊತ್ತಾಗಿಲ್ಲ ಅಷ್ಟೆ. ಶಾಫ್ಟ್ ಅದುರಿ ನೀರು ಎಳ್ಕೊಂಡಿದೆ. ವಯಸ್ಸಾಯ್ತಲ್ಲ, ಕಣ್ಣು ತೋರಿಸಿ. ಜನರನ್ನ ಕೂರಿಸ್ಕೊಂಡು ಹೋಗೋ ದೋಣಿ ಇದು."

ಭಾವ ಬಗ್ಗಿ ಆ ಮುಕ್ಕಾದ ಎಸಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಇವನು ಯಾವುದಕ್ಕೂ ಇರಲಿ ಅಂತ ಸೀಲು ಕಿತ್ತು, ಹಳೆಯದು ಹೇಗೆ ಬಂತೋ ಹಾಗೆಯೇ ಹೊಸದನ್ನು ಕೂರಿಸಿದ.

ಕಾಯುತ್ತಿದ್ದವರಿಗೆಲ್ಲ ಆ ಮಾತು ಕೇಳಿಸಿತ್ತು, ಮರುದಿನವೇ ಅರ್ಧ ಜನ ಬೇರೆ ದೋಣಿ ಹತ್ತಿದರು. ವಾರದೊಳಗೆ ಅಕ್ಕ ಗಂಡನನ್ನು ಮನೆಯಲ್ಲಿ ಕೂರಿಸಿದಳು, ಮಗಳು ದೋಣಿ ಹಿಡಿದಳು. ಕಣ್ಣಿನ ಡಾಕ್ಟರು ಅಂಥದ್ದೇನೂ ಇಲ್ಲ ಅಂದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕ ಶೆಡ್ಡಿಗೇ ಬಂದು, "ನೀನು ಬಾಯಿಬಿಟ್ಟು ಹೇಳಿದ್ದು ಒಳ್ಳೇದಾಯ್ತು ಕಣೋ. ಇಲ್ದಿದ್ರೆ ಯಾರನ್ನಾದ್ರೂ ಮುಳುಗಿಸಿಬಿಡ್ತಿದ್ರು," ಅಂದಳು. ಅವನಿಗೆ ಹೆಮ್ಮೆಯೇ ಆಯಿತು.

ಒಂದೂವರೆ ತಿಂಗಳ ಮೇಲೆ ಅಕ್ಕನ ಮಗಳು ಇಂಜಿನ್ ಹೊತ್ತು ತಂದಳು. ಸ್ಕ್ರೂ ಬಿಚ್ಚಿದರೆ ಮತ್ತೆ ಅದೇ ಬಿಳಿ ಎಣ್ಣೆ.

"ಮಾವ, ನಾನು ಎಲ್ಲೂ ತಾಗಿಸಿಲ್ಲ," ಅಂದಳು ಹೆದರಿಕೊಂಡು.

ಫ್ಯಾನಿನಲ್ಲಿ ಹೊಸ ಗೀರು ಒಂದೂ ಇರಲಿಲ್ಲ. ಅವಳನ್ನು ಕಳಿಸಿ, ಅವನು ಅಪರೂಪಕ್ಕೆ ಮಾಡುವ ಇನ್ನೊಂದು ಪರೀಕ್ಷೆಗೆ ಕೂತ. ಗಾಳಿ ತುಂಬುವ ಬದಲು ಒಳಗಿನ ಗಾಳಿಯನ್ನು ಪಂಪಿನಿಂದ ಹೊರಕ್ಕೆ ಎಳೆದ. ಗೇಜಿನ ಮುಳ್ಳು ನಿಲ್ಲದೆ ಇಳಿಯಿತು, ಹೊರಗಿನ ಗಾಳಿ ಎಲ್ಲಿಂದಲೋ ಒಳಬರುತ್ತಿತ್ತು. ಫ್ಯಾನಿನ ಶಾಫ್ಟಿನ ಸುತ್ತ ದಪ್ಪ ಗ್ರೀಸ್ ಮೆತ್ತಿದ. ಮುಳ್ಳು ನಿಂತಿತು.

ಆ ಜಾಗದಲ್ಲಿ ಎರಡು ಸೀಲುಗಳಿರುತ್ತವೆ. ಎಣ್ಣೆ ಹೊರಹೋಗದಂತೆ ಒಂದರ ತುಟಿ, ಅಂದರೆ ರಬ್ಬರಿನ ಅಂಚು, ಒಳಕ್ಕೆ ನೋಡಬೇಕು, ನೀರು ಒಳಬರದಂತೆ ಇನ್ನೊಂದರದು ಹೊರಕ್ಕೆ. ಬಿಚ್ಚಿ ನೋಡಿದರೆ ಎರಡೂ ಒಳಕ್ಕೇ ತಿರುಗಿ ಕೂತಿದ್ದವು. ಅದಕ್ಕೇ ಒಳಗಿನಿಂದ ತುಂಬಿದ ಗಾಳಿ ಹೊರಗೆ ಬಂದಿರಲಿಲ್ಲ, ಹೊರಗಿನ ನೀರು ಮಾತ್ರ ಆರಾಮಾಗಿ ಒಳಗೆ ಹೋಗಿತ್ತು. ಮೊದಲ ಸಲ ಕೂರಿಸಿದ್ದು ಅವನ ಕೈ. ಎರಡನೇ ಸಲ ನೋಡದೆ ಅದನ್ನೇ ನಕಲು ಮಾಡಿದ್ದೂ ಅವನ ಕೈ.

ಹೊಸ ಸೀಲುಗಳನ್ನು ಸರಿಯಾಗಿ ಕೂರಿಸಿಟ್ಟ. ಸಂಜೆ ಅಕ್ಕನ ಮಗಳು ಬಂದು ಏನಾಗಿತ್ತು ಅಂತ ಕೇಳಿದಳು.

"ಸ್ಕ್ರೂವಿನ ವಾಷರ್ ಹಳೇದಾಗಿತ್ತು," ಅಂದುಬಿಟ್ಟ.

ಹಾಗೆಯೇ ನಾಲ್ಕು ದಿನ ಹೋಯಿತು. ಐದನೇ ದಿನ ಧಕ್ಕೆಗೆ ಒಂದು ದೋಣಿ ಡಬ್ಬೆಂದು ತಾಗಿತು. ಟಿಕೆಟ್ ಹರಿಯುವವನು, "ಏನಪ್ಪ, ಖಂಡಿತಪ್ಪನ ಭಾವನ ಕಣ್ಣು ನಿನಗೂ ಬಂತಾ?" ಅಂತ ದೋಣಿಯವನಿಗೆ ಕೂಗಿ, ಶೆಡ್ಡಿನ ಕಡೆ ತಿರುಗಿ ಇವನ ಮುಖ ನೋಡಿದ. ಎಲ್ಲರೂ ನಕ್ಕರು. ಇವನೂ ನಕ್ಕ. ಆಮೇಲೆ ಶೆಡ್ಡಿನ ಒಳಗೆ ಹೋಗಿ ಊಟದ ಡಬ್ಬಿ ತೆರೆದವನು ಒಂದು ತುತ್ತೂ ಎತ್ತದೆ ಮುಚ್ಚಳ ಹಾಕಿ, ಸೀದಾ ಅಕ್ಕನ ಮನೆಗೆ ನಡೆದ.

ಭಾವ ಹಿಂದಿನ ಕೋಣೆಯಲ್ಲಿದ್ದರು. ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿದು, ಎದುರು ಗೋಡೆಯ ಕ್ಯಾಲೆಂಡರಿನ ತಾರೀಖುಗಳನ್ನು ಮೆಲ್ಲಗೆ ಓದುತ್ತಿದ್ದರು. ಇವನನ್ನು ಕಂಡು ಕೈ ಇಳಿಸಿದರು. ಬಾಗಿಲಲ್ಲಿ ನಿಂತೇ ಅವನು ಎಲ್ಲ ಹೇಳಿದ. ವಾಷರಿನ ಸುಳ್ಳನ್ನೂ ಬಿಡಲಿಲ್ಲ.

ಭಾವ ತಲೆಯಾಡಿಸಿದರು. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ. ಬೇಡ. ಹೊಳೆ ಮಧ್ಯದ ಮೂರನೇ ಕಂಬದ ಹತ್ರ ಕಟಕ್ ಅಂದದ್ದು ನನಗೀಗ ಚೆನ್ನಾಗಿ ನೆನಪಿದೆ."

ಬೈಸಿಕೊಳ್ಳಲು ಬಂದವನಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ತಾಗದೇ ಇದ್ದ ಕಲ್ಲನ್ನು ಈ ಮನುಷ್ಯನ ತಲೆಯೊಳಗೆ ತಾನು ಹೂತಿಟ್ಟಿದ್ದೇನೆ ಅಂತ ಅವನಿಗೆ ಅರ್ಥವಾಯಿತು. ನೆಲ ನೋಡುತ್ತಾ, "ನಾಳೆ ಬೆಳಿಗ್ಗೆ ಒಂದ್ಸಲ ಶೆಡ್ಡಿಗೆ ಬನ್ನಿ ಭಾವ," ಅಂದ.

ಬೆಳಿಗ್ಗೆ, ಟೀಚರುಗಳೂ ನರ್ಸುಗಳೂ ಕಾಯುವ ಹೊತ್ತಿಗೆ ಸರಿಯಾಗಿ, ಅವನು ಒಂದು ಹಳೆಯ ಗೇರ್‌ಬಾಕ್ಸನ್ನು ಹೊರಗಿನ ಬೆಂಚಿನ ಮೇಲಿಟ್ಟ. ಎರಡೂ ಸೀಲನ್ನು ಒಳಕ್ಕೇ ತಿರುಗಿಸಿ ಕೂರಿಸಿ, ಗಾಳಿ ಎಳೆದು, ಮುಳ್ಳು ಬೀಳುವುದನ್ನು ತೋರಿಸಿದ. ಆಮೇಲೆ ಒಂದನ್ನು ತಿರುಗಿಸಿ ಹಾಕಿದ. ಮುಳ್ಳು ಕದಲಲಿಲ್ಲ. "ಭಾವನ ಇಂಜಿನ್ನಿಗೆ ಎರಡು ಸಲ ನಾನು ಮೊದಲು ತೋರಿಸಿದ ಥರ ಹಾಕಿದ್ದೆ," ಅಂತ ಜನರ ಕಡೆ ತಿರುಗಿ ಹೇಳಿದ. "ಕಲ್ಲಿಗೆ ಯಾರೂ ಹೊಡೆದಿಲ್ಲ. ಆ ಮುಕ್ಕು ಯಾವ ಕಾಲದ್ದೋ." ಧ್ವನಿ ಸಣ್ಣಗಾಗಿತ್ತು. ಹಿಂದೆ ನಿಂತವರು ಕೇಳಿಸಲಿಲ್ಲ ಅಂದರು. ಇನ್ನೊಂದು ಸಲ ಹೇಳಬೇಕಾಯಿತು.

ಭಾವ ಸೀಲನ್ನು ಕೈಗೆ ತೆಗೆದುಕೊಂಡು ರಬ್ಬರಿನ ತುಟಿಯ ಮೇಲೆ ಬೆರಳಾಡಿಸಿದರು.

"ಹಾಗಾದ್ರೆ ನಾನು ಕೇಳಿದ ಶಬ್ದ ಯಾವುದು?"

ಅವನು ಬೆಂಚಿನ ಮೇಲಿದ್ದ ಗೇಜನ್ನು ಬಟ್ಟೆಯಲ್ಲಿ ಒರೆಸತೊಡಗಿದ.

ಆ ವಾರವೇ ಭಾವ ದೋಣಿಗೆ ಮರಳಿದರು. ಬೆಳಗಿನ ಹೊತ್ತು ಅವರು, ಮಧ್ಯಾಹ್ನದ ಮೇಲೆ ಮಗಳು. ಜನ ಒಬ್ಬೊಬ್ಬರಾಗಿ ಬಂದರು, ಒಂದಿಬ್ಬರು ಬರಲೇ ಇಲ್ಲ. ಅಕ್ಕ ಎರಡು ವಾರ ತಮ್ಮನ ಜೊತೆ ಮಾತು ಬಿಟ್ಟಳು. ಭಾವ ಮಾತ್ರ ಮರುದಿನದಿಂದಲೇ ಮಾತಾಡಿದರು, ಮೊದಲಿನಷ್ಟೇ ಕಮ್ಮಿ.

ಸಾಮಾನು ತರಲು ಆಚೆ ದಡಕ್ಕೆ ಹೋಗುವಾಗ ಅವನು ಈಗಲೂ ಭಾವನ ದೋಣಿಯನ್ನೇ ಹತ್ತುತ್ತಾನೆ. ಮೊದಲೆಲ್ಲ ಹಿಂದೆ, ಅವರ ಪಕ್ಕದಲ್ಲೇ ಕೂತು ಇಂಜಿನ್ನಿನ ಸದ್ದು ಕೇಳುತ್ತಿದ್ದವನು, ಈಗ ಎಲ್ಲರಿಗಿಂತ ಮುಂದೆ, ಅವರಿಗೆ ಬೆನ್ನು ಹಾಕಿ ಕೂರುತ್ತಾನೆ.