ಬಂಡೂರಿನ ಗಾಜಿನ ಟಗರು

ಮಳವಳ್ಳಿಯ ನಮ್ಮ ಅಂಗಡಿಯಲ್ಲಿ ನನ್ನ ಗಂಡ ಫೋಟೊಗಳಿಗೆ ಕಟ್ಟು ಹಾಕುತ್ತಾರೆ. ಹಿಂದಿನ ಕೋಣೆ ನನ್ನದು. ಅಲ್ಲೊಂದು ಕರೆಂಟಿನ ಕುಲುಮೆಯಿದೆ. ಬಣ್ಣದ ಗಾಜನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ತುಂಡಿನ ಮೇಲೆ ತುಂಡು ಜೋಡಿಸಿ ಅದರೊಳಗಿಟ್ಟರೆ ಎಲ್ಲ ಮೆತ್ತಗಾಗಿ ಬೆಸೆದುಕೊಂಡು ಒಂದೇ ಬಿಲ್ಲೆಯಾಗಿ ಬರುತ್ತದೆ. ಮೈಸೂರಿನಲ್ಲಿ ನಡೆದ ಒಂದು ಶಿಬಿರದಲ್ಲಿ ಕಲಿತು ಬಂದ ಕೆಲಸ. ಬೇಗ ಕೈಗೆ ಹತ್ತಿತು. ಹಾಗೆಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಎಲೆ, ಮೀನು, ಕಿಟಕಿಗೆ ತೂಗುಹಾಕುವ ಹಕ್ಕಿ ಇವನ್ನೆಲ್ಲ ಮಾಡಿ ಅಂಗಡಿಯ ಮುಂದೆ ನೇತುಹಾಕುತ್ತಿದ್ದೆ.

ಒಂದು ಬೆಳಿಗ್ಗೆ ಬಂಡೂರಿನಿಂದ ಒಬ್ಬರು ಬಂದರು. ಐವತ್ತು ದಾಟಿದ ವಯಸ್ಸು, ಹೆಗಲ ಮೇಲೆ ಟವೆಲು. ಮೊಬೈಲಿನಲ್ಲಿದ್ದ ಟಗರಿನ ಫೋಟೊ ತೋರಿಸಿ ಅದಕ್ಕೆ ಕಟ್ಟು ಹಾಕಿಕೊಡಬೇಕೆಂದರು. ಟಗರು ಅಲ್ಲಾಡಿದ್ದರಿಂದ ಚಿತ್ರವೆಲ್ಲ ಮಸುಕು. ದೊಡ್ಡದು ಮಾಡಿದರೆ ಮೋಡದ ಹಾಗೆ ಕಾಣುತ್ತದೆ ಎಂದು ನನ್ನ ಗಂಡ ಹೇಳಿದರು. ಆ ಟಗರನ್ನು ತಳಿಗೆಂದು ಚಿತ್ರದುರ್ಗದ ಕಡೆಯವರು ಕೇಳಿದ್ದರಂತೆ, ಇವರೂ ಒಪ್ಪಿಬಿಟ್ಟಿದ್ದರಂತೆ. ಮರಿಯಿದ್ದಾಗಿನಿಂದ ಕೈತುತ್ತು ಕೊಟ್ಟು ಬೆಳೆಸಿದ್ದು. ಮನೆಯಲ್ಲಿ ಅದರ ಗುರುತು ಒಂದಿರಲಿ ಎಂಬ ಆಸೆ.

ಅಷ್ಟರಲ್ಲಿ ಅವರ ಕಣ್ಣು ನನ್ನ ಗಾಜಿನ ಮೀನಿನ ಮೇಲೆ ಬಿತ್ತು.

"ಇದ್ಯಾರು ಮಾಡುದ್ದು?"

"ನಾನೇ ಅಣ್ಣಾ."

"ಮೀನು ಮಾಡೋಳು ಟಗರು ಮಾಡಕ್ಕಾಗಲ್ವೇನವ್ವಾ?"

"ಯಾಕಾಗಲ್ಲ? ಮಾಡ್ಕೊಡ್ತೀನಿ" ಎಂದೆ.

ವಾರದೊಳಗೆ ಮಾಡಿಯೂ ಬಿಟ್ಟೆ. ಪಕ್ಕದಿಂದ ಕಾಣುವ ಹಾಗೆ ನಿಂತ ಬಿಳಿ ಟಗರು, ಕಂದು ಮುಖ, ಕಾಲಡಿಯಲ್ಲಿ ಹಸಿರು. ಅಂಚುಗಳು ನುಣ್ಣಗೆ ಬಂದಿದ್ದವು, ಎಲ್ಲೂ ಸೀಳಿರಲಿಲ್ಲ. ನನಗೆ ಹೆಮ್ಮೆಯೇ ಇತ್ತು. ಅವರು ಬಂದು ಅದನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಮೇಜಿನ ಮೇಲಿಟ್ಟರು.

"ಚೆಂದಾಗದೆ. ಆದ್ರೆ ಇದು ನಮ್ ಟಗರಲ್ಲ ಕಣಮ್ಮ. ಯಾವ್ದೋ ಬ್ಯಾರೆ ಸೀಮೆ ಕುರಿ."

ನನ್ನ ಗಂಡನಿಗೆ ರೇಗಿತು. "ಗಾಜಲ್ಲಿ ಇನ್ನೆಂಗ್ ಬರಬೇಕು? ಮ್ಯಾ ಅನ್ನಬೇಕಾ?"

ನನಗೆ ಮಾತ್ರ ಕೋಪ ಬರಲಿಲ್ಲ. ಆ ಮಸುಕು ಫೋಟೊ ಬಿಟ್ಟರೆ ನಾನು ಅವರ ಟಗರನ್ನು ನೋಡಿಯೇ ಇರಲಿಲ್ಲ. "ನಾಳೆ ನಿಮ್ಮೂರಿಗೆ ಬರ್ತೀನಿ, ತೋರಿಸಿ" ಎಂದೆ.

"ಬಾ, ಅದಕ್ಕೇನಂತೆ. ಟಗರು ಎಲ್ಲೂ ಓಗಿಲ್ಲ ಇನ್ನೂ."

ಮರುದಿನ ಸ್ಕೂಟರಿನಲ್ಲಿ ಬಂಡೂರಿಗೆ ಹೋದೆ. ಕೊಟ್ಟಿಗೆಯ ಮುಂದೆ ಟಗರನ್ನು ಕಟ್ಟಿದ್ದರು. ಗಿಡ್ಡ ಕಾಲು, ತುಂಬಿದ ಮೈ, ಎಲೆಯಂತೆ ಜೋತ ಕಿವಿ, ಕತ್ತಿನ ಕೆಳಗೆ ತೂಗುವ ಎರಡು ಲೋಲಕ. ಪಕ್ಕದಲ್ಲಿ ನಿಂತು ಒಂದಷ್ಟು ಗೆರೆ ಎಳೆದುಕೊಂಡೆ. ಏನೋ ಕೂಡಿಬರಲಿಲ್ಲ. ಸುತ್ತು ಹೊಡೆದು ಹಿಂದಕ್ಕೆ ಹೋದೆ. ಅಲ್ಲಿಂದ ನೋಡಿದಾಗ ನಗು ಬಂತು. ಬೆನ್ನು ಅಗಲವಾಗಿ ದುಂಡಗೆ ಇಳಿದು, ಎರಡೂ ತೊಡೆಗಳು ನೇರ ನೆಲ ಮುಟ್ಟಿದ್ದವು. ಕುದುರೆ ಲಾಳವನ್ನು ತಲೆಕೆಳಗು ಮಾಡಿ ನಿಲ್ಲಿಸಿದ ಹಾಗೆ. ಅಷ್ಟರಲ್ಲಿ ಟಗರು ಕತ್ತು ತಿರುಗಿಸಿ, ಯಾರಿವಳು ಎಂಬಂತೆ ನನ್ನನ್ನು ನೋಡಿತು.

"ಅಣ್ಣಾ, ನಾನಿದನ್ನ ಹಿಂದಿನಿಂದ ಮಾಡ್ತೀನಿ."

"ಇಂದ್ಗಡೆಯಿಂದ್ಲಾ? ಜನ ನಗ್ತಾರೆ ಕಣವ್ವಾ!"

"ನಗಲಿ ಬಿಡಿ. ನಿಮ್ಮ ಟಗರು ಅಂತ ಗುರುತು ಹಿಡಿದ ಮೇಲೆ ತಾನೇ ನಗೋದು?"

ಅವರು ಟವೆಲಿನಿಂದ ಮುಖ ಒರೆಸಿಕೊಂಡು ಒಂದು ಗಳಿಗೆ ಯೋಚಿಸಿದರು. "ಅದ್ಯಾನ್ ಮಾಡ್ತೀಯೋ ಮಾಡು, ಓಗು" ಎಂದರು.

ಮನೆಯಲ್ಲಿ ಹೇಳಿದಾಗ ನನ್ನ ಗಂಡ ತಲೆ ಚಚ್ಚಿಕೊಂಡರು. "ನಡುಮನೇಲಿ ಯಾರಾದ್ರೂ ಟಗರಿನ ಹಿಂಭಾಗ ನೇತುಹಾಕ್ತಾರೇನೇ?" ನಾನು ಆಗಲೇ ಮನಸ್ಸಿನಲ್ಲಿ ಗಾಜು ಕತ್ತರಿಸುತ್ತಿದ್ದೆ.

ಆದರೆ ಗಾಜಿಗೂ ತನ್ನದೇ ಹಟವಿರುತ್ತದೆ. ಲಾಳದ ಹಾಗೆ ಒಳಗೆ ಆಳವಾಗಿ ಬಾಗಿದ ಗೆರೆಯನ್ನು ಅದು ಒಪ್ಪುವುದಿಲ್ಲ, ಅಡ್ಡ ಬಿರುಕು ಬಿಟ್ಟು ತುಂಡಾಗುತ್ತದೆ. ಗಾಜಿನ ಎರಡು ಹಾಳೆ ಹಾಳಾದವು. ಮೂರನೆಯದನ್ನು ಹಾಗೆ ಕತ್ತರಿಸಲಿಲ್ಲ. ಬೆನ್ನಿಗೊಂದು ಕಮಾನು, ತೊಡೆಗೆರಡು ತುಂಡು ಎಂದು ಬೇರೆ ಬೇರೆ ಮಾಡಿ, ಅಂಚಿಗೆ ಅಂಚು ಕೂಡಿಸಿ, ತಿಳಿ ಗಾಜಿನ ಮೇಲೆ ಅಂಟಿಸಿದೆ. ಕೂಡಿಸುವ ಕೆಲಸ ಬೆಂಕಿ ಮಾಡಲಿ. ಬೆನ್ನಿನ ಮೇಲೆ ಇನ್ನೊಂದು ಪದರ ಬಿಳಿ ಇಟ್ಟೆ, ದಪ್ಪವಾಗಿ ಉಬ್ಬಿ ಬರಲೆಂದು. ತಿರುಗಿದ ಮುಖಕ್ಕೆ ತೆಳು ಕಂದು, ಲೋಲಕಗಳಿಗೆ ದಾರದಂಥ ಗಾಜಿನ ಎಳೆ. ತೂಗುಹಾಕಲು ಮೇಲೊಂದು ತಂತಿಯ ಕೊಂಡಿಯನ್ನೂ ಪದರಗಳ ನಡುವೆ ಸೇರಿಸಿ ಕುಲುಮೆಯ ಮುಚ್ಚಳ ಹಾಕಿದೆ.

ಮರುದಿನ ಟಗರಿನ ಯಜಮಾನರು ನಾನು ಹೇಳಿದ್ದ ಹೊತ್ತಿಗಿಂತ ಮುಂಚೆಯೇ ಬಂದುಬಿಟ್ಟರು. ಕುಲುಮೆ ಇನ್ನೂ ಬೆಚ್ಚಗಿತ್ತು.

"ಒಂಚೂರು ಮುಚ್ಚಳ ಎತ್ತವ್ವಾ, ಇಣುಕಿ ನೋಡ್ಬುಡ್ತೀನಿ."

"ಆಗಲ್ಲ ಅಣ್ಣಾ. ಈಗ ಗಾಳಿ ತಾಕಿದ್ರೆ ಟಗರು ಎರಡು ಹೋಳಾಗ್ತದೆ."

"ಎರಡೋಳಾ? ಬ್ಯಾಡ ಬುಡು ಬುಡು!" ಎಂದು ಅವರು ಬೆಂಚಿನ ಮೇಲೆ ಕೂತರು. ಕಾಫಿ ಕುಡಿದರು, ಪೇಪರು ತಿರುವಿದರು, ನನ್ನ ಗಂಡನಿಗೆ ಮೇವಿನ ಬಗ್ಗೆ ಪಾಠ ಹೇಳಿದರು. ಬಿಸಿ ಪೂರ್ತಿ ಇಳಿದ ಮೇಲೆಯೇ ನಾನು ಮುಚ್ಚಳ ಎತ್ತಿದ್ದು.

ಬೆನ್ನು ಅಂದುಕೊಂಡ ಹಾಗೆಯೇ ದುಂಡಗೆ ಉಬ್ಬಿತ್ತು. ಮೂರು ತುಂಡು ಕೂಡಿಸಿದ ಗುರುತೇ ಇರಲಿಲ್ಲ. ಒಂದು ಲೋಲಕ ಕರಗುವಾಗ ಕೊಂಚ ಸೊಟ್ಟಗೆ ಹರಿದಿತ್ತು. ಅದೂ ಚೆನ್ನಾಗಿತ್ತು, ಟಗರು ಆಗತಾನೆ ತಲೆ ತಿರುಗಿಸಿದ ಹಾಗೆ. ಅವರ ಅಂಗೈಯಲ್ಲಿಟ್ಟೆ. ಹೆಬ್ಬೆರಳಿನಿಂದ ಬೆನ್ನು ಸವರಿದರು, ಕೊಟ್ಟಿಗೆಯಲ್ಲಿ ಸವರುವಂತೆಯೇ.

"ಇದೇ ಕಣವ್ವಾ. ಇದೇಯಾ" ಎಂದರು. ಅವರ ಕಣ್ಣು ತೇವವಾಗಿತ್ತು. ನನ್ನ ಗಂಡ ಎದ್ದುಹೋಗಿ ಅದನ್ನು ಸುತ್ತಲು ಹಳೆಯ ಬಟ್ಟೆ ತಂದುಕೊಟ್ಟರು.

ಗಾಜನ್ನು ನೇತುಹಾಕುವುದನ್ನು ಬೇರೆಯವರ ಕೈಗೆ ಬಿಡುವ ಪೈಕಿ ನಾನಲ್ಲ. ಮೊಳೆ, ಸುತ್ತಿಗೆ ತೆಗೆದುಕೊಂಡು ಅವರ ಜೊತೆ ನಾನೇ ಬಂಡೂರಿಗೆ ಹೋದೆ. ಕೊಟ್ಟಿಗೆಯ ಮುಂದೆ ಗೂಟ ಖಾಲಿಯಿತ್ತು. ಹಿಂದಿನ ದಿನವಷ್ಟೇ ಟಗರನ್ನು ವ್ಯಾನಿನಲ್ಲಿ ಕರೆದೊಯ್ದಿದ್ದರು. ಯಜಮಾನರು ನಡುಮನೆಯ ಗೋಡೆ ತೋರಿಸಿದರು. ಅವರ ಹೆಂಡತಿ ಬಟ್ಟೆ ಬಿಚ್ಚಿ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ಬಂದೋರ್ಗೆಲ್ಲ ಇದ್ರ ಅಂಡು ತೋರ್ಸ್ತೀರಾ? ಇಲ್ಲಿ ಬ್ಯಾಡ."

ಯಜಮಾನರ ಮುಖ ಇಳಿದುಹೋಯಿತು. ನಾನು ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಆಕೆ ಒಳಕ್ಕೆ ನಡೆದು ಅಡುಗೆಮನೆಯ ಬಾಗಿಲಿನ ಪಕ್ಕ ಕೈಯಿಟ್ಟು ತೋರಿಸಿದರು.

"ಇಲ್ ಒಡಿಯವ್ವಾ ಮೊಳೆಯ. ಟಗರು ಒಳಿಕ್ಕೆ ಓಗಂಗೆ ಕಾಣ್ತದೆ. ಗೂಟದಿಂದ ಬಿಚ್ಚುದ್ರೆ ಸಾಕು, ರಾಗಿಮುದ್ದೆ ವಾಸ್ನೆ ಇಡ್ಕೊಂಡು ಇಲ್ಗೇ ತಾನೇ ನುಗ್ತಿದ್ದಿದ್ದು."

ಅಲ್ಲಿಯೇ ಮೊಳೆ ಹೊಡೆದೆ.