ಏಳನೇ ತಿಂಗಳಿಗೆ ಹುಟ್ಟಿದ ಮಗಳ ಜೊತೆ ಭಟ್ಕಳಕ್ಕೆ

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ನಾನೂ ಮಗಳು ಚೈತ್ರಾಳೂ ಹಿರೇಗುತ್ತಿಯಲ್ಲಿ ಕುಮಟೆಯ ಬಸ್ಸು ಹತ್ತಿದೆವು. ಚಳಿಯಿತ್ತು. ಗದ್ದೆಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಹೊರಟದ್ದು ಭಟ್ಕಳಕ್ಕೆ, ಎಂಟು ವರ್ಷದ ಹಿಂದೆ ಚೈತ್ರಾಳನ್ನು ಉಳಿಸಿಕೊಟ್ಟ ಆಸ್ಪತ್ರೆಯ ನರ್ಸ್ ನಫೀಸಾ ಸಿಸ್ಟರ್ ಮನೆಗೆ. ಮಗಳಿಗೆ ಮಾತ್ರ "ಗುರುತಿನವರ ಮನೆಗೆ" ಎಂದಷ್ಟೇ ಹೇಳಿದ್ದೆ.

ಹೊರಡಲು ಕಾರಣವಾದದ್ದು ಆ ವಾರದ ಒಂದು ಸಂಜೆ. ಚೈತ್ರಾ ಮೂರನೇ ತರಗತಿ. ಅಜ್ಜಿಯ ನಾಟಿ ಹಾಡುಗಳು ಅವಳಿಗೆ ಬಾಯಿಪಾಠ. ಆದರೆ ಕಳೆಯುವ ಲೆಕ್ಕದಲ್ಲಿ ಪಕ್ಕದಿಂದ ಹತ್ತು ಎರವಲು ತರುವಷ್ಟರಲ್ಲಿ ಎಲ್ಲಿದ್ದೆ ಎಂಬುದೇ ಮರೆತುಹೋಗುತ್ತದೆ. ಬೋರ್ಡು ನೋಡಿ ಬರೆಯುವಾಗ ಉಳಿದವರು ಮುಗಿಸಿದರೂ ಇವಳು ಎರಡನೇ ಸಾಲಿನಲ್ಲೇ ಇರುತ್ತಾಳೆ. ಆ ಸಂಜೆ ಒಂದೇ ಲೆಕ್ಕ ಐದನೇ ಸಲ ತಪ್ಪಿದಾಗ ಕೆನ್ನೆಗೆ ಹೊಡೆದುಬಿಟ್ಟೆ. ಅವಳು ಅಳಲಿಲ್ಲ. "ಆಯಿ, ನಂಗೆ ತಲೆ ಇಲ್ವಾ?" ಎಂದು ಕೇಳಿದಳು. ಮರುದಿನ ನಾನು ಸಿಸ್ಟರಿಗೆ ಫೋನ್ ಮಾಡಿದೆ. "ಕರ್ಕೊಂಡು ಬನ್ನಿ" ಎಂದರು.

ನಾನು ಅಂಗನವಾಡಿ ಕಾರ್ಯಕರ್ತೆ. ಊರಿನ ಕೂಸುಗಳನ್ನೆಲ್ಲ ತೂಗುವವಳು, ಯಾವುದು ದಿನ ತುಂಬದೆ ಹುಟ್ಟಿತೆಂದು ಪುಸ್ತಕದಲ್ಲಿ ಬರೆಯುವವಳು. ನನ್ನ ಮಗಳೇ ಏಳನೇ ತಿಂಗಳಿಗೆ ಹುಟ್ಟಿದ್ದನ್ನು ಮಾತ್ರ ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಹೇಗಾಯಿತು ಎಂದು ಕೇಳುತ್ತಾರೆ. ಅತ್ತೆ ಬೇಡವೆಂದರೂ ಗೆಳತಿಯ ಮದುವೆಗೆಂದು ಬಸ್ಸಿನಲ್ಲಿ ಭಟ್ಕಳಕ್ಕೆ ಹೋಗಿದ್ದೆ. ಮದುವೆಮನೆಯಲ್ಲಿ ತಲೆ ಸಿಡಿದು ಕಣ್ಣು ಕತ್ತಲೆಗಟ್ಟಿತು. ಅಲ್ಲಿಯದೇ ಒಂದು ಆಸ್ಪತ್ರೆಗೆ ಸೇರಿಸಿದರು. ಮರುದಿನ ಚೈತ್ರಾ ಹುಟ್ಟಿದಳು. ಆಮೇಲೆ ನಾನು ಆ ದಾರಿ ಹಿಡಿದದ್ದು ಇದೇ ಮೊದಲು.

ಕುಮಟೆಯಲ್ಲಿ ಬಸ್ಸು ಬದಲಿಸಬೇಕಿತ್ತು. ನಿಲ್ದಾಣದ ಎದುರು ಬಿಸಿ ಬನ್ಸ್ ತಿಂದು, ನಾನು ಚಹಾ ಕುಡಿದೆ. ಅಲ್ಲಿಂದ ಭಟ್ಕಳಕ್ಕೆ ಅರವತ್ತು ಕಿಲೋಮೀಟರಿನ ಹತ್ತಿರ. ಹೆಂಗಸರಿಗೆ ಉಚಿತವಾದ್ದರಿಂದ ಕಂಡಕ್ಟರು ಆಧಾರ್ ನೋಡಿ ಸೊನ್ನೆ ರೂಪಾಯಿಯ ಎರಡು ಟಿಕೆಟ್ ಕೊಟ್ಟರು. "ಎರಡು ಸೊನ್ನೆ ಕೂಡಿದ್ರೆ ಎಷ್ಟೇ ತಂಗಿ?" ಎಂದು ಚೈತ್ರಾಳನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. ಪಾಪ, ಅವರು ತಮಾಷೆಗೆ ಕೇಳಿದ್ದು. ನಾನು ಟಿಕೆಟ್ ಮಡಚಿ ಪರ್ಸಿಗೆ ಹಾಕಿದೆ.

ಹಳದೀಪುರದಲ್ಲಿ ಬಸಳೆ ಸೊಪ್ಪಿನ ಕಟ್ಟುಗಳನ್ನು ಬುಟ್ಟಿಯಲ್ಲಿಟ್ಟುಕೊಂಡ ಹೆಂಗಸೊಬ್ಬಳು ಹತ್ತಿ ನಮ್ಮ ಪಕ್ಕ ಕುಳಿತಳು. ಅವಳು ಸಣ್ಣಗೆ ಗುನುಗುತ್ತಿದ್ದ ಹಾಡಿಗೆ ಚೈತ್ರಾ ಮುಂದಿನ ಸಾಲು ಸೇರಿಸಿದಳು. "ಅಯ್ಯಬ್ಬಾ, ನಿಂಗೆ ಇದು ಯಾರು ಕಲಿಸಿದ್ದೇ?" ಎಂದು ಅವಳು ಬುಟ್ಟಿಯನ್ನು ಕೆಳಗಿಟ್ಟೇ ಬಿಟ್ಟಳು. ಹೊನ್ನಾವರದವರೆಗೆ ಇಬ್ಬರದೂ ಹಾಡು. ಅವಳು ಇಳಿಯುವಾಗ ಒಂದು ಕಟ್ಟು ಬಸಳೆ ನನ್ನ ಮಡಿಲಿಗೆ ಹಾಕಿ, "ಚುರುಕು ಕೂಸು" ಎಂದು ಹೋದಳು. ಶರಾವತಿ ಸೇತುವೆಯ ಮೇಲೆ ಚೈತ್ರಾ ಕಿಟಕಿಗೆ ಮುಖ ಒತ್ತಿ ದೋಣಿ ನೋಡಿದಳು. ನಾನು ಅವಳನ್ನು ನೋಡಿದೆ.

ಭಟ್ಕಳ ತಲುಪಿದಾಗ ಹತ್ತೂವರೆ. ಬಿಸಿಲು ಚುರುಕಾಗಿತ್ತು. ರಿಕ್ಷಾದವರು ಅರವತ್ತು ರೂಪಾಯಿ ತೆಗೆದುಕೊಂಡು ಬಾಗಿಲಿಗೇ ಬಿಟ್ಟರು. ಸಿಸ್ಟರ್ ನಿವೃತ್ತರಾಗಿದ್ದಾರೆ, ಮಂಡಿನೋವು. ಆದರೂ ಮೆಟ್ಟಿಲಿಳಿದು ಬಂದರು. ಒಳಗಿದ್ದ ಸೊಸೆಗೆ ತಮ್ಮ ಮನೆಮಾತು ನವಾಯತಿಯಲ್ಲಿ ಏನೋ ಕೂಗಿ ಹೇಳಿ, ನಮ್ಮ ಕಡೆ ತಿರುಗಿ ಕನ್ನಡದಲ್ಲಿ, "ಇವಳೇನಾ! ಇಷ್ಟುದ್ದ ಆಗಿದ್ದಾಳಾ!" ಎಂದರು. ಶಾವಿಗೆ, ಬೆಲ್ಲದ ಕಾಯಿಹಾಲು ಬಂತು. ಹುಟ್ಟಿದಾಗ ನಿನ್ನನ್ನು ನೋಡಿಕೊಂಡದ್ದು ಇವರೇ ಎಂದು ಆಗ ಮಗಳಿಗೆ ಹೇಳಿದೆ.

"ನಾನು ಎಷ್ಟು ಸಣ್ಣ ಇದ್ದೆ?" ಎಂದು ಚೈತ್ರಾ ಕೇಳಿದಳು.

ಸಿಸ್ಟರ್ ತಮ್ಮ ಮೊಣಕೈಯಿಂದ ಅಂಗೈವರೆಗೆ ತೋರಿಸಿದರು. "ಉಸಿರಾಡೋದನ್ನೂ ಮಧ್ಯೆ ಮಧ್ಯೆ ಮರೀತಿದ್ದೆ. ನಾನು ಅಂಗಾಲಿಗೆ ಹೀಗೆ ಬೆರಳಿಂದ ತಟ್ಟಬೇಕು, ಆಗ ನೆನಪಾಗ್ತಿತ್ತು."

"ಉಸಿರಾಡೋದು ಮರೀತಿದ್ನಾ!" ಚೈತ್ರಾಳಿಗೆ ನಗು ತಡೆಯಲಿಲ್ಲ. ಸೊಸೆ ಅವಳನ್ನು ಹಿತ್ತಲಿನ ಬೆಕ್ಕಿನ ಮರಿ ತೋರಿಸಲು ಕರೆದೊಯ್ದಳು.

ನಾನು ಹೊಡೆದದ್ದನ್ನೂ ಹೇಳಿದೆ, ಅಂದು ನಾನು ಬಸ್ಸಿನಲ್ಲಿ ಬಂದದ್ದರಿಂದಲೇ ಹೀಗಾಯಿತೆಂಬುದನ್ನೂ ಹೇಳಿದೆ. ಸಿಸ್ಟರ್ ತಟ್ಟೆ ಬದಿಗಿಟ್ಟರು. "ಬಸ್ಸಿಂದ ಆದದ್ದು ಅಂತ ಯಾರು ಹೇಳಿದ್ದು ನಿಮಗೆ? ನಿಮ್ಮ ಬಿಪಿ ಏರಿತ್ತು. ಹೆರಿಗೆ ಮಾಡಿಸದಿದ್ರೆ ಇಬ್ಬರೂ ಉಳೀತಿರಲಿಲ್ಲ. ಡಾಕ್ಟರು ಅವತ್ತೇ ಹೇಳಿದ್ರು. ನಿಮಗೆ ಕೇಳಿಸ್ಕೊಳ್ಳೋ ಹಾಗಿರಲಿಲ್ಲ."

ನನಗೆ ಅಳು ಬಂತು. ಅವರು ಸೆರಗಿನಿಂದ ನನ್ನ ಕಣ್ಣು ಒರೆಸಿದರು.

"ಬೇಗ ಹುಟ್ಟಿದ ಮಕ್ಕಳು ಎಷ್ಟೋ ಜನ ಏನೂ ತೊಂದರೆ ಇಲ್ಲದೆ ಓದ್ತಾರೆ. ಕೆಲವರಿಗೆ ಲೆಕ್ಕ ಕಷ್ಟ, ಒಟ್ಟಿಗೆ ಮೂರು ಮಾತು ನೆನಪಿಟ್ಕೊಳ್ಳೋದು ಕಷ್ಟ. ತಲೆ ಇಲ್ಲ ಅಂತಲ್ಲ, ಸ್ವಲ್ಪ ಸಮಯ ಬೇಕು. ಮಕ್ಕಳ ಡಾಕ್ಟರಿಗೆ ತೋರಿಸಿ, ಕಣ್ಣು ಕಿವಿ ನೋಡಿಸಿ. ಮೊದಲು ಶಾಲೇಲಿ ಹೇಳಿ. ಗೊತ್ತಿಲ್ಲದಿದ್ರೆ ಅವರಾದ್ರೂ ಎಂತ ಮಾಡ್ತಾರೆ?"

ಮೂರು ಗಂಟೆಯ ಬಸ್ಸಿಗೆ ಹೊರಟೆವು. ಶಿರಾಲಿ, ಮುರ್ಡೇಶ್ವರ ದಾಟಿತು. ಮಂಕಿ ಬರುವ ಹೊತ್ತಿಗೆ ಕಿಟಕಿಯಿಂದ ತಂಪು ಗಾಳಿ ಬೀಸತೊಡಗಿತು. "ಪುಟ್ಟಿ, ಅವತ್ತು ನಾ ಹೊಡೆದದ್ದು ತಪ್ಪು" ಎಂದೆ.

ಅವಳು ಕೆನ್ನೆ ಮುಟ್ಟಿಕೊಂಡಳು. "ಉರಿದಿತ್ತು ಆಯಿ" ಎಂದಳು. ಮತ್ತೆ, "ಆತು" ಎಂದು ನನ್ನ ತೋಳಿಗೆ ಒರಗಿದಳು.

ಸೋಮವಾರ ಶಾಲೆಗೆ ಹೋಗಿ ಅವಳಿಗೆ ಪಾಠ ಹೇಳುವ ಅಕ್ಕೋರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಅಂದಿನಿಂದ ಚೈತ್ರಾ ಮುಂದಿನ ಬೆಂಚು. ಬೋರ್ಡು ನೋಡಿ ಬರೆಯುವ ಬದಲು ಅವಳಿಗೆ ಚೀಟಿಯಲ್ಲಿ ಒಂದೊಂದೇ ಲೆಕ್ಕ. ಕಣ್ಣು ಕಿವಿ ಸರಿ ಇದೆಯೆಂದು ಡಾಕ್ಟರು ಹೇಳಿದ್ದಾರೆ. ಅವಳು ಈಗಲೂ ನಿಧಾನವೇ. ಮೊನ್ನೆ ಸಂಜೆ ಹುಣಸೆಬೀಜ ಇಟ್ಟುಕೊಂಡು ಮೂರು ಲೆಕ್ಕ ಮಾಡಲು ಅರ್ಧ ಗಂಟೆ ಹಿಡಿಯಿತು. ಮೂರನೆಯದು ತಪ್ಪಿತ್ತು, ನಾನು ಬಾಯಿ ಬಿಡಲಿಲ್ಲ. ಮೊದಲಾಗಿದ್ದರೆ ಅವಳು ನನ್ನ ಕೈ ಎಲ್ಲಿದೆಯೆಂದು ನೋಡುತ್ತಿದ್ದಳು. ಈ ಸಲ ತಾನೇ ಬೀಜ ಎಣಿಸಿ ನೋಡಿ, "ಇದು ತಪ್ಪಾತು" ಎಂದು ರಬ್ಬರು ಹುಡುಕಿದಳು.