ಗಾಳಿಯಲ್ಲಿ ನೇತಾಡಿದ ಮಧ್ಯಾಹ್ನ

ಗಾಜು ಒರೆಸುವ ಕೆಲಸದವರೆಲ್ಲ ಅವನನ್ನು ಪಾಸ್ಟರು ಅಂತಲೇ ಕರೆಯುತ್ತಿದ್ದರು. ಅವನು ಪಾಸ್ಟರೂ ಅಲ್ಲ, ಎಂಥದೂ ಅಲ್ಲ. ಎತ್ತರದ ಕಟ್ಟಡಗಳ ಹೊರಗೋಡೆಗೆ ಉಕ್ಕಿನ ಹಗ್ಗದಲ್ಲಿ ನೇತುಬಿಟ್ಟ ಅಟ್ಟಣೆಯ ಮೇಲೆ ನಿಂತು, ಸೋಪಿನ ನೀರು ಬಳಿದು, ರಬ್ಬರ್ ಪಟ್ಟಿ ಎಳೆದು ಗಾಜು ಮಿರುಗಿಸುವವನು. ಆದರೆ ಊಟದ ಡಬ್ಬಿ ತೆರೆಯುವ ಮುಂಚೆ ಕಣ್ಣು ಮುಚ್ಚುತ್ತಿದ್ದ. ಯಾರಾದರೂ ಸಂಕಟ ತೋಡಿಕೊಂಡರೆ ಯೇಸುವಿನ ವಿಷಯ ಒಂದೆರಡು ಮಾತು ಹೇಳದೆ ಬಿಡುತ್ತಿರಲಿಲ್ಲ. ಹೆಸರು ಅಂಟಿಕೊಂಡಿತು.

ಹಾಗೆ ಹೆಸರಿಟ್ಟವನು ಅವನ ಜೊತೆಗಾರ ಜಟ್ಟಿ. ಆಳು ಬಾಗಿಲಗಲ, ಬಾಯಿ ಅದಕ್ಕಿಂತ ಅಗಲ. ತಮ್ಮ ಸತ್ತಾಗಿನಿಂದ ಅವನಿಗೆ ದೇವರ ಮಾತೆತ್ತಿದರೆ ಮೈ ಉರಿಯುತ್ತಿತ್ತು. "ಇನ್ನೊಂದ್ಸಲ ಬಾಯಿಬಿಟ್ರೆ ಈ ಬಕೆಟ್ ನೀರು ನಿನ್ನ ತಲೆ ಮೇಲೇ" ಅನ್ನುತ್ತಿದ್ದ. ಒಮ್ಮೆ ಸುರಿದೂ ಬಿಟ್ಟಿದ್ದ.

ಆ ಮಧ್ಯಾಹ್ನ ಗಾಳಿ ಜೋರಾಯಿತೆಂದು ಇಬ್ಬರೂ ಅಟ್ಟಣೆಯನ್ನು ಕೆಳಗಿಳಿಸತೊಡಗಿದ್ದರು. ಇದ್ದಕ್ಕಿದ್ದಂತೆ ಹಗ್ಗ ಬಿಡುವ ಎಡಗಡೆಯ ಮೋಟಾರು ಕಚ್ಚಿಕೊಂಡು ನಿಂತಿತು. ಬಲಗಡೆಯದು ಇಳಿಯುತ್ತಲೇ ಇತ್ತು. ಗುಂಡಿ ಒತ್ತಿ ನಿಲ್ಲಿಸುವಷ್ಟರಲ್ಲಿ ಅಟ್ಟಣೆ ಓರೆಯಾಗಿ, ಬಕೆಟ್ಟುಗಳು ಜಾರಿ ಅಂಚು ದಾಟಿದವು. ಅವು ನೆಲಕ್ಕೆ ಬಡಿದ ಸದ್ದು ಬರಲು ಹೊತ್ತೇ ಹಿಡಿಯಿತು.

ವಾಕಿಟಾಕಿಯಲ್ಲಿ ಸೂಪರ್‌ವೈಸರ್ ಕೂಗಿದ: "ಅಲ್ಲಾಡ್ಬೇಡಿ! ಮೇಲಿಂದ ಜನ ಇಳಿಸ್ತೀವಿ!"

ಗಾಜಿನ ಆಚೆ ಆಫೀಸಿನವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದರು. ಕೈಗೆಟಕುವಷ್ಟು ಹತ್ತಿರ. ಆದರೆ ಆ ಗಾಜು ತೆರೆಯುವಂಥದ್ದಲ್ಲ. ಗಾಳಿ ಅಟ್ಟಣೆಯನ್ನು ಎತ್ತಿ ಗೋಡೆಗೆ ಅಪ್ಪಳಿಸಿತು. ಜಟ್ಟಿ ಕುಸಿದು ಕಂಬಿ ತಬ್ಬಿಕೊಂಡ.

"ಪಾಸ್ಟರೇ, ಯೇಸುನ ನಂಬೋರ ಕೈಲಿ ಅದೇನೋ ಪ್ರಾರ್ಥನೆ ಹೇಳಿಸ್ತಾರಲ್ಲ ನಿಮ್ಮಲ್ಲಿ, ಹೇಳಿಸು. ಏನಂದ್ರೂ ಹೇಳ್ತೀನಿ. ನಂಬ್ತೀನಿ ಅಂತೀನಿ. ಇಲ್ಲಿಂದ ಇಳಿಸು, ಸಾಕು."

ಪಾಸ್ಟರು ಎಷ್ಟು ವರ್ಷದಿಂದ ಕಾದಿದ್ದ ಗಳಿಗೆ! ಈಗ ಹೇಳಿಸಿದರೆ ಜಟ್ಟಿ ಹೇಳಿಯೇ ಹೇಳುತ್ತಾನೆ. ಆದರೆ ಅದು ಭಯ ಕಿತ್ತುಕೊಟ್ಟ ಮಾತು. ಅದನ್ನು ನಂಬಿಕೆಯ ಮಾತೆಂದು ಹೇಗೆ ಎಣಿಸುವುದು? ಹಾಗಂತ ಸುಮ್ಮನಿದ್ದು, ಹಗ್ಗ ಹರಿದರೆ? ದೇವರೇ, ಇವನನ್ನು ನನ್ನ ಕೈಗೆ ಯಾಕೆ ಕೊಟ್ಟೆ ಅಂದುಕೊಂಡ.

"ಇಳಿಸ್ತಾನೆ ಅಂತ ಮಾತು ಕೊಡೋಕೆ ನನ್ನಿಂದಾಗಲ್ಲ ಜಟ್ಟಿ. ನನಗೂ ಗೊತ್ತಿಲ್ಲ. ನಾನೂ ಹೆದರಿದೀನಿ."

"ಮತ್ತೆ ಯಾತಕ್ಕಯ್ಯಾ ನಿನ್ನ ದೇವರು?" ಜಟ್ಟಿ ಕಿರುಚಿದ.

"ಇಳಿದ್ರೂ ಬಿದ್ರೂ ಕೈಬಿಡಲ್ಲ ಅವನು. ನಮಗೋಸ್ಕರ ಸತ್ತೋನು, ಸತ್ತು ಎದ್ದೋನು. ನಿನ್ನನ್ನೂ ಕರೀತಾನೇ ಇದಾನೆ. ಬೇಕು ಅನ್ನಿಸಿದ್ರೆ ನೀನೇ ಅವನ ಹತ್ರ ಮಾತಾಡು. ನಾನು ಬಾಯಿಪಾಠ ಮಾಡಿಸಲ್ಲ. ಇಬ್ಬರಿಗೋಸ್ಕರಾನೂ ಕೇಳ್ಕೋತೀನಿ, ಅಷ್ಟೇ."

ಗಟ್ಟಿಯಾಗಿ ಪ್ರಾರ್ಥಿಸತೊಡಗಿದ. ನಡುವೆ ಇನ್ನೊಂದು ಏಟು ಬಿತ್ತು, ಗಾಜು ಚಟ್ಟೆಂದು ಬಿರುಕು ಬಿಟ್ಟಿತು, ಅವನ ದನಿ ಒಡೆಯಿತು. ಜಟ್ಟಿ ಅವನ ಕಾಲರ್ ಹಿಡಿದಿದ್ದ. ಜಟ್ಟಿಯ ತುಟಿಗಳು ಅಲುಗುತ್ತಿದ್ದವು, ಪ್ರಾರ್ಥನೆಯೋ ಬೈಗುಳವೋ ತಮ್ಮನ ಹೆಸರೋ, ಗಾಳಿಯಲ್ಲಿ ಕೇಳಿಸಲಿಲ್ಲ.

ಕೊನೆಗೆ ಮೇಲಿನಿಂದ ಹಗ್ಗದಲ್ಲಿ ಒಬ್ಬ ಇಳಿದು ಬಂದ. ಒಂದು ಸಲಕ್ಕೆ ಒಬ್ಬರನ್ನೇ ಒಯ್ಯಬಹುದು ಅಂದ. "ಅವನನ್ನ ಮೊದಲು" ಅಂತ ಪಾಸ್ಟರು ಜಟ್ಟಿಯ ಬೆರಳುಗಳನ್ನು ತನ್ನ ಕಾಲರಿನಿಂದ ಬಿಡಿಸಿದ. ಭಾರ ಇಳಿದ ಅಟ್ಟಣೆ ಹುಚ್ಚುಕುದುರೆಯಂತೆ ಒದ್ದಾಡಿತು. ಒಬ್ಬನೇ ನೇತಾಡಿದ ಆ ಹೊತ್ತನ್ನು ಅವನು ಆಮೇಲೆ ಯಾರಿಗೂ ವರ್ಣಿಸಲಿಲ್ಲ.

ಎರಡನೇ ಸರದಿಯಲ್ಲಿ ಅವನು ತಾರಸಿ ತಲುಪಿದಾಗ ಜಟ್ಟಿ ಸಿಮೆಂಟಿನ ಮೇಲೆ ಬೋರಲು ಬಿದ್ದಿದ್ದ. ಎದ್ದವನು ಇವನ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದ. ಆಮೇಲೆ ಸೂಪರ್‌ವೈಸರ್ ಹತ್ತಿರ ಹೋಗಿ, ನನಗೆ ಬೇರೆ ಜೊತೆ ಕೊಡಿ ಅಂದನಂತೆ. ಪಾಸ್ಟರು ಸಾಯೋ ಹೊತ್ತಲ್ಲೂ ಭಾಷಣ ಬಿಗಿದ ಅಂತ ಸುದ್ದಿ ಹಬ್ಬಿತು.

ಪಾಸ್ಟರಿಗೆ ಅನ್ನ ಸೇರಲಿಲ್ಲ. ಯೇಸುವನ್ನು ಮೊದಲು ತನಗೆ ಪರಿಚಯಿಸಿದ ಅತ್ತಿಗೆಯ ಮನೆಗೆ ಹೋದ. ಅವಳು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು.

"ತಪ್ಪು ಮಾಡಿದೆನಾ ಅತ್ತಿಗೆ? ಹೇಳಿಸಿಬಿಡಬೇಕಿತ್ತಾ?"

"ನೀನು ನನ್ನನ್ನ ಎಷ್ಟು ವರ್ಷ ಗೇಲಿ ಮಾಡಿದೆ, ಮರೆತ್ಯಾ?"

"ಆಗ ನೀವೇನ್ಮಾಡಿದ್ರಿ?"

"ಅಳ್ತಿದ್ದೆ. ಆಮೇಲೆ ಪಾತ್ರೆ ತೊಳೀತಿದ್ದೆ. ಹೇಳೋದಷ್ಟೇ ನನ್ನ ಕೆಲಸ ಕಣಪ್ಪಾ. ಮನಸ್ಸು ತಿರುಗಿಸೋದು ನನ್ನ ಕೈಲಿದ್ದಿದ್ರೆ ನಿನ್ನ ಕಿವಿ ಹಿಡಿದು ಯಾವತ್ತೋ ತಿರುಗಿಸಿರ್ತಿದ್ದೆ."

ನಕ್ಕನಾದರೂ ಎದೆಯ ಭಾರ ಇಳಿಯಲಿಲ್ಲ. ಆದರೂ ಅಂದಿನಿಂದ ಜಟ್ಟಿಯ ಹಿಂದೆ ಮಾತು ಹೊತ್ತು ಅಲೆಯುವುದನ್ನು ಬಿಟ್ಟ. ಅವನಿಗಾಗಿ ಪ್ರಾರ್ಥಿಸುವುದನ್ನು ಬಿಡಲಿಲ್ಲ.

ತಿಂಗಳುಗಳು ಕಳೆದವು. ಒಂದು ಬೆಳಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನೊಬ್ಬನೇ ಇದ್ದಾಗ ಜಟ್ಟಿ ಬಂದು ಬೆಂಚಿನ ಆ ತುದಿಯಲ್ಲಿ ಕುಳಿತ.

"ಅವತ್ತು ನಾನೇ ಹೇಳ್ತೀನಿ ಅಂದೆ. ನೀನ್ಯಾಕೆ ಹೇಳಿಸ್ಲಿಲ್ಲ?"

"ಕೆಳಗಿಳಿದ ಮೇಲೆ ನೀನೇ ಅದನ್ನ ಉಗಿದುಬಿಡ್ತಿದ್ದೆ."

"ಹೂಂ." ಜಟ್ಟಿ ಬೂಟಿನ ಲೇಸು ಎಳೆದ. "ನನ್ನ ತಮ್ಮನೂ ನಿನ್ನ ಹಾಗೇ. ಆಸ್ಪತ್ರೆ ಮಂಚದ ಮೇಲೂ ಪ್ರಾರ್ಥನೆ ಮಾಡೋನು. ಅಂಥವನನ್ನೇ ಉಳಿಸ್ಲಿಲ್ಲ. ನನ್ನ ಕೋಪ ಇನ್ನೂ ಹೋಗಿಲ್ಲ."

ಪಾಸ್ಟರಿಗೆ ಹೇಳಲು ನೂರು ಮಾತಿದ್ದವು. "ಆ ಕೋಪಾನೂ ಅವನಿಗೇ ಹೇಳು" ಅಂದ, ಅಷ್ಟೇ.

ಜಟ್ಟಿ ಲೇಸಿನ ಗಂಟು ಬಿಗಿದ. ಎದ್ದು ಹೋದ, ಬಾಗಿಲನ್ನು ಮಾತ್ರ ಮೆಲ್ಲಗೆ ಎಳೆದುಕೊಂಡ. ಹಿಂದೆಯೇ ಓಡಿ ಇನ್ನೊಂದೇ ಮಾತು ಸೇರಿಸಬೇಕೆಂದು ಪಾಸ್ಟರ ಕಾಲು ತುಡಿಯಿತು. ತಡೆದುಕೊಂಡು ಬೆಂಚಿನ ಮೇಲೇ ಕುಳಿತ. ಇನ್ನು ನಿನಗೆ ಬಿಟ್ಟದ್ದು ಸ್ವಾಮಿ ಅಂತ ಕೈಗವಸು ಏರಿಸಿದ.